ಎಣ್ಣೆ ಕುಡಿದ ಡೊಳ್ಳಿಗೆ ಯಾವ ಅಂಟು?

ಬೀರಪ್ಪನ ಡೊಳ್ಳಿನ ಬಿರುಕಿಗೆ ನಾನು ತುಂಬಿದ್ದು ನಿಧಾನದ ಅಂಟೋ ಐದು ನಿಮಿಷದ ಅಂಟೋ ಎಂಬುದು ನನಗೆ ಬಹಳ ವರ್ಷ ಖಚಿತವಿರಲಿಲ್ಲ. ನೆನಪಿಲ್ಲ ಎಂದು ಹೇಳಿದರೆ ಸುಳ್ಳಾದೀತು. ಎರಡು ನೆನಪುಗಳಿವೆ, ಎರಡೂ ಸ್ಪಷ್ಟವಾಗಿವೆ. ಒಂದರಲ್ಲಿ ನಾನು ಸೊರಬದ ಮಂಜಪ್ಪ ಗುಡಿಗಾರರ ಅಂಗಡಿಯಲ್ಲಿ ಎರಡು ತಗಡಿನ ಡಬ್ಬ ತೆರೆದಿಟ್ಟುಕೊಂಡು, ಬಿದಿರಿನ ಕಡ್ಡಿಯಿಂದ ಅಂಟನ್ನು ತಿರುವುತ್ತ ಕೂತಿದ್ದೇನೆ. ಇನ್ನೊಂದರಲ್ಲಿ ಅದೇ ಅಂಗಡಿ, ಅದೇ ಮಂಜಪ್ಪ, ಅದೇ ಬಿರುಕು. ಕೈಯಲ್ಲಿ ಮಾತ್ರ ಎರಡು ಸಣ್ಣ ಟ್ಯೂಬು. ಎರಡೂ ನಿಜವಾಗಲು ಸಾಧ್ಯವಿಲ್ಲ. ಎರಡೂ ಸುಳ್ಳಾಗಿರಲು ಸಾಧ್ಯ ಎಂಬ ಯೋಚನೆಯೂ ಆಗಾಗ ಬರುತ್ತಿತ್ತು.

ಧಾರವಾಡದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮಾಡುವಾಗ ನಮಗೆ ಕಲಿಸಿದ ಮೊದಲ ಪಾಠ, ಕಣ್ಣಿಗೆ ಕಂಡ ಅಳತೆಯನ್ನೇ ಎರಡನೇ ಸಲ ನೋಡು ಎಂಬುದು. ಆ ಪಾಠ ನನ್ನನ್ನು ವಿಜ್ಞಾನಿಯನ್ನಾಗಿ ಮಾಡಲಿಲ್ಲ. ಬೀಗ ಹಾಕಿದ ಬಾಗಿಲನ್ನು ಮತ್ತೆ ಎಳೆದು ನೋಡುವ ಮನುಷ್ಯನನ್ನಾಗಿ ಮಾಡಿತು. ಓದಿದ ಮೇಲೆ ಸಿಕ್ಕಿದ್ದು ಒಂದು ಅಂಟಿನ ಕಂಪನಿಯ ಕೆಲಸ. ವಾಸ ಶಿಕಾರಿಪುರದಲ್ಲಿ, ಓಡಾಟ ಶಿಕಾರಿಪುರ ಮತ್ತು ಸೊರಬ ತಾಲೂಕುಗಳಲ್ಲಿ. ಬಡಗಿಗಳು, ಮರದ ಅಡ್ಡೆಗಳು, ಕೆತ್ತನೆಯ ಮನೆಗಳು, ಇವುಗಳಿಗೆಲ್ಲ ಹೋಗಿ ಯಾವ ಮರಕ್ಕೆ ಯಾವ ಅಂಟು ಎಂದು ಹೇಳುವುದು, ಹೇಳಿ ಮಾರುವುದು. ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರು ಸಿಕ್ಕಾಗಲೆಲ್ಲ ಕೇಳುವುದು ಒಂದೇ ಪ್ರಶ್ನೆ: "ಸರ್, ಮರಕ್ಕೆ ಯಾವ ಎಪಾಕ್ಸಿ ಒಳ್ಳೇದು?" ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಆ ಮರ ಮುಂದೆ ಎಲ್ಲಿ ಬಾಳಬೇಕು ಎಂದು ಮೊದಲು ಕೇಳಿ. ಬಿಸಿಲಲ್ಲೋ, ನೀರಲ್ಲೋ, ಬೆಂಕಿಯ ಮುಂದೋ? ಅಂಟಿನ ಹೆಸರು ಆಮೇಲೆ.

ನಾನು ಸೇರಿದಾಗ ಹಳೆಯ ಕೆಲಸಗಾರರಲ್ಲಿ ಇನ್ನೂ ಮರವಜ್ರ ಬಳಕೆಯಲ್ಲಿತ್ತು. ದನದ ಚರ್ಮ, ಮೂಳೆಗಳನ್ನು ಕುದಿಸಿ ಮಾಡಿದ, ಬೆಲ್ಲದ ಅಚ್ಚಿನಂತೆ ಕಾಣುವ ಅಂಟು. ಅದನ್ನು ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸುತ್ತಿದ್ದರು. ಆ ವಾಸನೆ ಅಂಗಡಿಗೆ ಹೋದವನ ಅಂಗಿಯಲ್ಲಿ ಮನೆಯವರೆಗೂ ಬರುತ್ತಿತ್ತು. ಆಮೇಲೆ ಹಾಲಿನಂತಹ ಬಿಳಿ ಅಂಟು ಬಂತು. ಅದರ ಬೆನ್ನಿಗೆ ಎಪಾಕ್ಸಿ. ಎಪಾಕ್ಸಿ ಎಂದರೆ ಎರಡು ಭಾಗ, ಒಂದು ರೆಸಿನ್, ಇನ್ನೊಂದು ಹಾರ್ಡ್ನರ್. ಬೆರೆಸಿದ ಮೇಲೆ ಅವು ಒಂದರೊಳಗೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ, ಒಣಗುವುದಿಲ್ಲ. ಈ ಒಂದು ವ್ಯತ್ಯಾಸವನ್ನು ಬಡಗಿಗಳ ತಲೆಗೆ ಹಾಕುವುದರಲ್ಲೇ ನನ್ನ ಅರ್ಧ ಸರ್ವಿಸು ಕಳೆಯಿತು.

ಶಿಕಾರಿಪುರದ ಈರಣ್ಣಾಚಾರಿ ಒಳ್ಳೆಯ ಬಡಗಿ, ಆದರೆ ಆತುರಗಾರ. ಒಂದು ಗೃಹಪ್ರವೇಶದ ಮನೆಗೆ ದೇವರ ಕೋಣೆಯ ಬಾಗಿಲು ಮಾಡುತ್ತಿದ್ದರು. ಅಂಟು ಬೇಗ ಗಟ್ಟಿಯಾಗಲಿ ಎಂದು ಹಾರ್ಡ್ನರ್ ಧಾರಾಳವಾಗಿ ಸುರಿದರು. ಮಾರನೆಯ ದಿನ ಬಾಗಿಲ ಸಂದುಗಳಲ್ಲೆಲ್ಲ ಹಲಸಿನ ಮೇಣದ ಹಾಗೆ ಜಿಗಿಜಿಗಿ. ಬಂದ ನೆಂಟರಲ್ಲಿ ಯಾರದೋ ರೇಷ್ಮೆ ಶಲ್ಯ ಅಂಟಿಕೊಂಡು ದೊಡ್ಡ ರಾದ್ಧಾಂತವಾಯಿತು. ನನ್ನನ್ನು ಕರೆಸಿದರು.

"ಯಾಕ್ರೀ ಆಚಾರ್ರೇ, ಅಷ್ಟು ಹಾಕಿದ್ರಿ?" ಎಂದೆ.

"ಅಲ್ರೀ ಸಾಹೇಬ್ರ, ಹೆಪ್ಪು ಒಂದ್ ಚಮಚ ಜಾಸ್ತಿ ಬಿದ್ರ ಮೊಸರು ಲಗೂ ಆಗ್ತೈತಿ. ಇದೂ ಹಂಗ ಅಂದ್ಕೊಂಡೆ."

ಪುಸ್ತಕದಲ್ಲಿ ಓದಿದ್ದನ್ನೆಲ್ಲ ಹೇಳಲು ಶುರು ಮಾಡಿದೆ. ಅವರ ಮುಖ ಇನ್ನಷ್ಟು ಸಪ್ಪಗಾಯಿತು. ಕೊನೆಗೆ, "ನೊಗಕ್ಕೆ ಎರಡೇ ಎತ್ತು ಆಚಾರ್ರೇ. ಮೂರನೇದು ಕಟ್ಟಿದ್ರೆ ಎಳಿಯೋದಿಲ್ಲ, ಸುಮ್ಮನೆ ನಡುವೆ ನಿಂತು ದಾರಿ ತಪ್ಪಿಸ್ತದೆ" ಎಂದೆ. ಅದು ಹಿಡಿಸಿತು. ಮುಂದೆ ಆ ಊರಿನ ಬಡಗಿಗಳೆಲ್ಲ ಹೆಚ್ಚು ಹಾರ್ಡ್ನರಿಗೆ 'ಮೂರನೇ ಎತ್ತು' ಎನ್ನತೊಡಗಿದರು. ಬೇಗ ಬೇಕಿದ್ದರೆ ಬೇಗ ಗಟ್ಟಿಯಾಗುವ ಜಾತಿಯನ್ನೇ ಕೊಳ್ಳಬೇಕು, ಇಲ್ಲವೇ ಮರವನ್ನು ಬೆಚ್ಚಗಿಡಬೇಕು. ಪ್ರಮಾಣವನ್ನು ಮಾತ್ರ ಮುಟ್ಟಬಾರದು.

ಬೇಗ ಗಟ್ಟಿಯಾಗುವ ಜಾತಿಯೆಂದರೆ ನಮ್ಮ ಏರಿಯಾ ಮ್ಯಾನೇಜರ್ ಕಾಮತರಿಗೆ ಪ್ರಾಣ. ಹುಬ್ಬಳ್ಳಿಯಿಂದ ಬಂದಾಗಲೆಲ್ಲ ಅವರದೊಂದು ಆಟ. ಎರಡು ಮರದ ತುಂಡುಗಳನ್ನು ಟ್ಯೂಬಿನ ಅಂಟಿನಿಂದ ಕೂಡಿಸುವುದು, ಐದು ನಿಮಿಷ ಜೋಕು ಹೇಳುವುದು, ಆಮೇಲೆ ಅಂಗಡಿಯ ತೊಲೆಗೆ ಅದನ್ನು ಕಟ್ಟಿ ತಾವೇ ಜೋತುಬೀಳುವುದು. ಕಾಮತರು ದಪ್ಪಗಿದ್ದರು, ಆದ್ದರಿಂದ ಆಟ ಕಳೆಗಟ್ಟುತ್ತಿತ್ತು. "ಜನ ಕಣ್ಣಿಗೆ ಕಂಡದ್ದನ್ನ ಕೊಳ್ತಾರೆ ಕಣ್ರೀ. ನಾಳೆ ಬೆಳಿಗ್ಗೆ ಗಟ್ಟಿ ಆಗ್ತದೆ ಅಂದ್ರೆ ಯಾರು ಕಾಯ್ತಾರೆ?" ಎನ್ನುತ್ತಿದ್ದರು. ಅವರನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಬೆರೆಸಿದ ಅಂಟಿನಲ್ಲಿ ಉಳಿದದ್ದನ್ನು ಎಸೆಯದೆ ಬಟ್ಟಲಲ್ಲೇ ಇಟ್ಟುಕೊಂಡು, ಕೆಲಸದ ಮರವನ್ನು ಮುಟ್ಟುವ ಮೊದಲು ಆ ಬಟ್ಟಲಿಗೆ ಉಗುರು ಒತ್ತಿ ನೋಡಬೇಕು ಎಂದು ಕಲಿಸಿದವರು ಅವರೇ. ಉಗುರಿನ ಗುರುತು ಬಿದ್ದರೆ ಇನ್ನೂ ಕಾಯಬೇಕು. ಇಷ್ಟು ಸರಳವಾದ ಪರೀಕ್ಷೆ ನನ್ನ ಎಂ.ಎಸ್ಸಿ.ಯಲ್ಲಿ ಇರಲಿಲ್ಲ.

ಐದು ನಿಮಿಷದ ಅಂಟಿನ ದೋಷ ನನಗೆ ಗೊತ್ತಿತ್ತು. ಬಿಸಿ ತಾಗಿದರೆ ಅದು ಮೆತ್ತಗಾಗುತ್ತದೆ. ಮುರಿದ ಗೊಂಬೆಗೆ, ಕುರ್ಚಿಯ ಕೈಗೆ ಅಡ್ಡಿಯಿಲ್ಲ. ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲುವ ಕಿಟಕಿಗೆ, ಒಲೆಯ ಪಕ್ಕದ ಹಲಗೆಗೆ ಅದು ಬೇಡ. ಇದನ್ನು ನಾನು ಕಾಮತರ ಮುಂದೆ ಒಮ್ಮೆ ಎತ್ತಿದೆ. "ಅದನ್ನ ಗಿರಾಕಿ ಕೇಳಿದ್ರೆ ಹೇಳಿ" ಎಂದರು. ಗಿರಾಕಿಗಳು ಕೇಳುವುದಿಲ್ಲ ಎಂಬುದು ಅವರಿಗೂ ನನಗೂ ಗೊತ್ತಿತ್ತು.

ಇನ್ನು ಡೊಳ್ಳಿನ ಕಥೆ. ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರದ ಕಾಲ. ದೀಪಾವಳಿಯ ಹೊತ್ತಿಗೆ ಬರುವ ಬೀರದೇವರ ಪೂಜೆಗೆ ಒಂದೇ ದಿನ ಉಳಿದಿತ್ತು. ನಾನು ಬೆಳಿಗ್ಗೆ ಸೊರಬದ ಮಂಜಪ್ಪನವರ ಅಂಗಡಿಯಲ್ಲಿದ್ದೆ. ಮಂಜಪ್ಪ ಗಂಧದ ಕೆತ್ತನೆಯ ಮನೆತನದವರು, ಮಾತು ಕಡಿಮೆ, ವ್ಯಂಗ್ಯ ಜಾಸ್ತಿ. ಅಲ್ಲಿಗೆ ಬೀರಪ್ಪ ಬಂದ. ಈಸೂರಿನ ಆಚೆಯ ಒಂದು ಹಳ್ಳಿಯವನು, ಹೊಲ ಮತ್ತು ಕುರಿ ಎರಡನ್ನೂ ನೋಡಿಕೊಂಡಿದ್ದವನು. ಹೆಗಲ ಮೇಲೆ ಕಂಬಳಿಯಲ್ಲಿ ಸುತ್ತಿದ ಡೊಳ್ಳಿನ ಒಡಲು, ಚರ್ಮ ಬಿಚ್ಚಿದ ಬರೀ ಮರ. ಒಂದೇ ಹೊನ್ನೆಯ ಕಾಂಡವನ್ನು ಕೊರೆದು ಅವನ ಅಜ್ಜ ಮಾಡಿದ್ದು. ಅದು ಉದ್ದಕ್ಕೆ ಸೀಳಿತ್ತು.

"ಶಿಕಾರಿಪುರದಾಗ ಕೇಳಿದೆ. ಕಬ್ಬಿಣದ ಪಟ್ಟಿ ಬಡಿತೀವಿ ಅಂತಾರ. ದೇವರ ಡೊಳ್ಳಿಗೆ ನಾವು ಕಬ್ಬಿಣ ಮುಟ್ಟಸಂಗಿಲ್ರೀ" ಎಂದ.

"ಹೊಸದು ಮಾಡ್ಸಿ ಮಾರಾಯ್ರೆ" ಎಂದರು ಮಂಜಪ್ಪ, ತಲೆ ಎತ್ತದೆ.

"ಈ ಗಾತ್ರದ ಹೊನ್ನಿ ಎಲ್ಲಿ ತರ್ಲಿ? ಅದೂ ಅಲ್ದ, ಪೂಜೆ ನಾಳೆ ಸಂಜಿಗೆ. ಮೊದಲ ಪೆಟ್ಟು ನಮ್ಮ ಮನಿದು. ಈ ಡೊಳ್ಳಿನಿಂದಾನೇ ಆಗ್ಬೇಕು. ಆಗ್ಲಿಲ್ಲ ಅಂದ್ರ ನಮ್ಮ ದೊಡ್ಡಪ್ಪನ ಮಕ್ಕಳ ಡೊಳ್ಳಿಗೆ ಹೋಗ್ತೈತಿ. ಒಂದ್ ಸಲ ಹೋತು ಅಂದ್ರ ತಿರುಗಿ ಬರೂದಲ್ಲ." ಡೊಳ್ಳನ್ನು ಹಲಗೆಯ ಮೇಲಿಟ್ಟು, "ಅವ್ರು ನಿನ್ನೆನ ಚರ್ಮ ನೆನಿಯಾಕ ಹಾಕ್ಯಾರ" ಎಂದ.

ನಾನು ಬಿರುಕಿನ ಮೇಲೆ ಬೆರಳಾಡಿಸಿದೆ. ಬೆರಳು ಜಾರಿತು.

"ಇದೇನು, ಎಣ್ಣೆ?"

"ಹೌದ್ರೀ. ಬಿರುಕು ಬೆಳೀಬಾರ್ದು ಅಂತ ಹರಳೆಣ್ಣೆ ತುಂಬಿಸೀನಿ. ವರ್ಷಾ ಹಚ್ತೀವಿ, ಈ ಸಲ ಒಂದೀಟು ಜಾಸ್ತಿ."

ಮಂಜಪ್ಪ ಮೊದಲ ಸಲ ತಲೆ ಎತ್ತಿ ನನ್ನ ಮುಖ ನೋಡಿದರು. "ತಗಳ್ಳಿ. ಇನ್ನು ಅಂಟು ಹಾಕೋದು ಬೇಡ, ಒಗ್ಗರಣೆ ಹಾಕಿ ಸಾಕು" ಎಂದರು.

ಎಣ್ಣೆ ಕುಡಿದ ಮರಕ್ಕೆ ಯಾವ ಎಪಾಕ್ಸಿಯೂ ಹಿಡಿಯುವುದಿಲ್ಲ. ಇದು ಮಂಜಪ್ಪನವರಿಗೆ ಗಂಧದ ಮರದಿಂದ ಗೊತ್ತು, ಅದರಲ್ಲಿ ಹುಟ್ಟಿನಿಂದಲೇ ಎಣ್ಣೆ. ನನಗೆ ಕಂಪನಿಯ ತರಬೇತಿಯಿಂದ ಗೊತ್ತು. ಇಬ್ಬರೂ ಸೇರಿ ಬಿರುಕಿನ ಎರಡೂ ಅಂಚನ್ನು ಹೊಸ ಮರ ಕಾಣುವವರೆಗೆ ಕೆರೆದೆವು. ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದೆವು, ಬಟ್ಟೆ ಬದಲಿಸಿ ಮತ್ತೆ ಒರೆಸಿದೆವು, ಬಟ್ಟೆಗೆ ಹಳದಿ ಬರುವುದು ನಿಲ್ಲುವವರೆಗೂ. ಮುಂದೆ ಇಂತಹ ಕೆಲಸ ಮಾಡುವವರಿಗೆ ಒಂದು ಮಾತು: ಥಿನ್ನರಿನಿಂದ ಮರ ಒರೆಸಿ, ಆದರೆ ಅದರಲ್ಲಿ ಕೈ ತೊಳೆಯಬೇಡಿ. ಅದು ಹಾರ್ಡ್ನರನ್ನು ಚರ್ಮದೊಳಕ್ಕೆ ಕಳಿಸುತ್ತದೆ. ನನ್ನ ಎರಡೂ ಮುಂಗೈಗಳು ಇಂದಿಗೂ ಹೊಸ ಅಂಟು ಕಂಡರೆ ಸಾಕು, ತುರಿಸಲು ಶುರು ಮಾಡುತ್ತವೆ. ಕೈಗವಸು ಹಾಕಿ.

ಇಲ್ಲಿಗೆ ನಿಜವಾದ ಪ್ರಶ್ನೆ ಬಂತು. ನಾನು ಬೀರಪ್ಪನನ್ನು ಕೇಳಿದೆ, "ಬಾರಿಸೋಕೆ ಮುಂಚೆ ಬೆಂಕಿಗೆ ಕಾಯಿಸ್ತೀರಾ?"

"ಕಾಸ್ದ ಇದ್ರ ಚರ್ಮ ಮಾತಾಡ್ತೈತೇನ್ರೀ? ಹುಲ್ಲಿನ ಬೆಂಕಿ ಹಾಕಿ ಸುತ್ತಲೂ ತಿರುವ್ತೀವಿ."

ಐದು ನಿಮಿಷದ ಅಂಟು ಹಾಕಿದರೆ ನಾಳೆಗೆ ಗಟ್ಟಿಯಾಗಿರುತ್ತದೆ, ಆದರೆ ಬೆಂಕಿಯ ಮುಂದೆ ಮೆತ್ತಗಾಗುತ್ತದೆ. ಹಗ್ಗ ಬಿಗಿದಿರುವ, ಬಡಿತ ಬೀಳುವ ಡೊಳ್ಳಿನಲ್ಲಿ ಮೆತ್ತಗಾದ ಅಂಟು ಎಷ್ಟು ತಡೆದೀತು? ನಿಧಾನದ ಅಂಟು ಹಾಕಿದರೆ ಬೆಂಕಿಯನ್ನು ತಡೆಯುತ್ತದೆ, ಆದರೆ ಆ ಚಳಿಯಲ್ಲಿ ನಾಳೆ ಸಂಜೆಗೆ ಪೂರ್ತಿ ಗಟ್ಟಿಯಾಗುವ ಭರವಸೆಯಿಲ್ಲ. ಗಟ್ಟಿಯಾಗದ ಅಂಟನ್ನು ಬೆಂಕಿಗೆ ಹಿಡಿದರೆ ಬಿರುಕು ಎಲ್ಲರ ಮುಂದೆ ಬಾಯಿ ಬಿಡುತ್ತದೆ.

ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಿಂದ ಕಾಮತರಿಗೆ ಫೋನು ಮಾಡಿದೆ.

"ಟ್ಯೂಬು ಹಾಕ್ರೀ, ಯೋಚನೆ ಏನು ಇದ್ರಲ್ಲಿ? ಅರ್ಧ ಗಂಟೆ ಕೆಲಸ. ಡೊಳ್ಳು ಬಾರಿಸುವಾಗ ಒಂದು ಫೋಟೋ ತೆಗೀರಿ, ಕಂಪನಿ ಕ್ಯಾಲೆಂಡರಿಗೆ ಬರ್ತದೆ."

"ಬೆಂಕಿಗೆ ಹಿಡೀತಾರೆ ಸರ್."

"ಹಿಡೀಬೇಡಿ ಅನ್ರೀ."

ಹಿಂದಿರುಗಿ ಬಂದು ಬೀರಪ್ಪನಿಗೆ ಅದನ್ನೇ ಹೇಳಿದೆ. ಅವನು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. "ನಾಳೆ ಒಂದಿನ ಹಿಡಿಯೂದಿಲ್ಲ ಅನ್ರೀ. ಬರೂ ವರ್ಷ? ಅದರಾಚಿ ವರ್ಷ? ನಾ ಸತ್ತ ಮ್ಯಾಲ ಹಿಡಿಯಾವ್ರಿಗೆ ಯಾರು ಹೇಳ್ತಾರ?" ಎಂದ.

ನನ್ನ ಎರಡು ನೆನಪುಗಳು ಇಲ್ಲಿ ಕವಲೊಡೆಯುತ್ತವೆ.

ಒಂದರ ಪ್ರಕಾರ ಮಂಜಪ್ಪ, "ಬೆಚ್ಚಗಿಟ್ರೆ ನಿಮ್ಮ ಆ ನಿಧಾನದ್ದು ಬೇಗ ಆಗ್ತದೋ ಇಲ್ಲವೋ?" ಎಂದರು. ಆಗುತ್ತದೆ ಎಂದೆ. "ಹಂಗಾದ್ರೆ ಶಿವಣ್ಣನ ಬೇಕರಿ ಇದೆಯಲ್ಲ." ಅವರು ಹೊನ್ನೆಯದೇ ಪುಡಿಯನ್ನು ಪಂಚೆಯ ಬಟ್ಟೆಯಲ್ಲಿ ಸೋಸಿ ಕೊಟ್ಟರು. ನಾನು ಮೊದಲು ಬರೀ ಅಂಟನ್ನು ಬಿರುಕಿನ ಅಂಚುಗಳಿಗೆ ಕುಡಿಸಿ, ಆಮೇಲೆ ಉಳಿದದ್ದಕ್ಕೆ ಪುಡಿ ಸೇರಿಸಿ ಹೋಳಿಗೆಯ ಹೂರಣದ ಹದಕ್ಕೆ ತಂದು ತುಂಬಿದೆ. ಬಿಗಿಯಲು ಕಬ್ಬಿಣದ ಕ್ಲಾಂಪು ಬೇಡವೆಂದದ್ದರಿಂದ ಡೊಳ್ಳಿನದೇ ಹಗ್ಗವನ್ನು ಸುತ್ತಿ, ಕೋಲು ತೂರಿಸಿ ತಿರುಚಿದೆವು. ಮಂಜಪ್ಪ ಮರವಜ್ರದ ಅಭ್ಯಾಸದಲ್ಲಿ ಗಟ್ಟಿಯಾಗಿ ಬಿಗಿದರು.

"ಸಡಿಲ ಬಿಡಿ, ಮಂಜಪ್ಪನವರೆ. ಅಷ್ಟು ಬಿಗಿದ್ರೆ ಅಂಟೆಲ್ಲ ಹೊರಗೆ ಬರ್ತದೆ, ಸಂದಿಯಲ್ಲಿ ಏನೂ ಉಳಿಯೋದಿಲ್ಲ."

"ಎಂತ ಅಂಟು ಮಾರಾಯ್ರೆ ಇದು, ಹೊಸ ಅಳಿಯನ ಹಂಗೆ! ಬಿಗಿಹಿಡಿದ್ರೆ ಮನೇಲಿ ನಿಲ್ಲೋದಿಲ್ಲ."

ಬೇಕರಿಯ ಶಿವಣ್ಣ ಹಾಸನದ ಕಡೆಯವನು. ಒಲೆಯ ಗೋಡೆಯ ಹಿಂದೆ ಸೌದೆ ಕೋಣೆಯಿತ್ತು, ಯಾವಾಗಲೂ ಬೆಚ್ಚಗೆ. "ಮಡಗಿ ಸಾರ್, ಅದ್ಕೇನಂತೆ. ಬನ್ನು ಉಬ್ಬೋ ಜಾಗದಲ್ಲಿ ಡೊಳ್ಳೂ ಉಬ್ಲಿ" ಎಂದ. ಆಮೇಲೆ ಅವನಿಗೇ ಸಂಶಯ ಬಂತು. "ದೇವರ ಸಾಮಾನು ಅಂತೀರಾ, ನಾನು ಮೊಟ್ಟೆ ಕೇಕು ಮಾಡ್ತೀನಲ್ಲ?"

ಬೀರಪ್ಪ ಆ ದಿನ ನಕ್ಕದ್ದು ಅದೊಂದೇ ಸಲ. "ನಮ್ಮ ದೇವರಿಗೆ ಕುರಿನ ನಡಿತೈತೋ ಯಪ್ಪಾ, ಮೊಟ್ಟಿ ಯಾವ ಲೆಕ್ಕ!"

ಉಳಿದ ಅಂಟಿನ ಬಟ್ಟಲನ್ನೂ ಡೊಳ್ಳಿನ ಪಕ್ಕದಲ್ಲೇ ಇಟ್ಟೆ. ಮಾರನೆಯ ಬೆಳಿಗ್ಗೆ ಉಗುರು ಒತ್ತಿದರೆ ಗುರುತು ಬೀಳಲಿಲ್ಲ.

ಎರಡನೆಯ ನೆನಪು ಚಿಕ್ಕದು. ನಾನು ಮಂಜಪ್ಪನವರ ಹಲಗೆಯ ಮೇಲೆ ಎರಡು ಟ್ಯೂಬುಗಳನ್ನು ಹಿಂಡಿ, ಅವಸರವಾಗಿ ಕಲಸಿ, ಬಿರುಕಿಗೆ ತುಂಬುತ್ತಿದ್ದೇನೆ. ಬೀರಪ್ಪ ಮಧ್ಯಾಹ್ನದ ಬಸ್ಸಿಗೆ ಹೊರಟುನಿಂತಿದ್ದಾನೆ.

ಓದುಗರು ಬೇಕರಿಯ ನೆನಪೇ ನಿಜ ಎನ್ನಬಹುದು, ಅದರಲ್ಲಿ ಅಷ್ಟೊಂದು ವಿವರಗಳಿವೆ. ನನಗೆ ಅದರ ಮೇಲೇ ಹೆಚ್ಚು ಅನುಮಾನವಿತ್ತು. ಆ ಕಥೆಯನ್ನು ನಾನು ಎಷ್ಟೋ ಮದುವೆ ಊಟಗಳಲ್ಲಿ, ಎಷ್ಟೋ ಮೀಟಿಂಗುಗಳಲ್ಲಿ ಹೇಳಿದ್ದೇನೆ. ಹೇಳಿದಷ್ಟೂ ಅದು ನಯವಾಗಿದೆ. ಶಿವಣ್ಣನ ಬೇಕರಿಯಲ್ಲಿ ಒಮ್ಮೆ ಒಂದು ತೊಟ್ಟಿಲನ್ನೂ ಬೆಚ್ಚಗಿಟ್ಟದ್ದುಂಟು. ತೊಟ್ಟಿಲಿನ ಜಾಗದಲ್ಲಿ ನನ್ನ ತಲೆ ಡೊಳ್ಳನ್ನು ಕೂರಿಸಿರಬಹುದು. ಟ್ಯೂಬಿನ ನೆನಪಿನಲ್ಲಿ ಯಾವ ಜೋಕೂ ಇಲ್ಲ, ಯಾರಿಗೂ ಅದನ್ನು ಹೇಳಿಲ್ಲ. ಆದ್ದರಿಂದ ಅದು ಕೆಡದೆ ಉಳಿದಿರುವ ಸಾಧ್ಯತೆ ಹೆಚ್ಚು ಎನಿಸುತ್ತಿತ್ತು.

ಪೂಜೆಯ ಸಂಜೆ ನಾನು ಅಲ್ಲಿದ್ದೆ, ಅದರಲ್ಲಿ ಅನುಮಾನವಿಲ್ಲ. ಹುಲ್ಲಿನ ಬೆಂಕಿ, ಅದರ ಮುಂದೆ ಬೀರಪ್ಪ ಮಗುವನ್ನು ತಿರುಗಿಸುವಂತೆ ಡೊಳ್ಳನ್ನು ತಿರುಗಿಸುತ್ತಿದ್ದದ್ದು, ಪಕ್ಕದಲ್ಲಿ ದೊಡ್ಡಪ್ಪನ ಮಕ್ಕಳು ತಮ್ಮ ಡೊಳ್ಳನ್ನು ಸೊಂಟಕ್ಕೆ ಕಟ್ಟಿಕೊಂಡೇ ಕಾಯುತ್ತಿದ್ದದ್ದು. ಅವರಲ್ಲೊಬ್ಬ, "ಏನಣ್ಣ, ಗಂಜಿ ಹಾಕಿ ಅಂಟಿಸ್ಕೊಂಡ್ ಬಂದ್ಯೇನು?" ಎಂದ. ಬೀರಪ್ಪ ಎದ್ದು ಡೊಳ್ಳನ್ನು ಸೊಂಟಕ್ಕೆ ಕಟ್ಟಿಕೊಂಡ. ಮೊದಲ ಪೆಟ್ಟು ಬಿತ್ತು. ಎದೆಗೂಡಿನೊಳಗೆ ಕೇಳಿಸುವಂತಹ ಸದ್ದು. ನಾನು ಸದ್ದಿಗಿಂತ ಹೆಚ್ಚಾಗಿ ಬಿರುಕಿನ ಜಾಗವನ್ನೇ ನೋಡುತ್ತಿದ್ದೆ. ತೆರೆಯಲಿಲ್ಲ. ಕೊನೆಯವರೆಗೂ ತೆರೆಯಲಿಲ್ಲ.

ಅಂದು ಅಷ್ಟು ಹೊತ್ತು ತಡೆದದ್ದರಿಂದ ಏನೂ ಸಾಬೀತಾಗುವುದಿಲ್ಲ. ಐದು ನಿಮಿಷದ ಅಂಟೂ ಒಂದು ಸಂಜೆ ತಡೆದಿರಬಹುದು. ಸೋಲುವುದಾದರೆ ಅದು ವರ್ಷಗಳ ಮೇಲೆ, ಒಂದೊಂದು ಬೆಂಕಿಗೆ ಒಂದೊಂದು ಕೂದಲೆಳೆಯಷ್ಟು ಸೋಲುತ್ತದೆ. ಬೀರಪ್ಪ ಮತ್ತೆ ಬರಲಿಲ್ಲ. ಎಲ್ಲ ಸರಿಯಿದ್ದುದರಿಂದ ಬರಲಿಲ್ಲವೋ, ಮೊದಲ ಪೆಟ್ಟು ಕೈತಪ್ಪಿಹೋಗಿ ಮುಖ ತೋರಿಸಲಾಗದೆ ಬರಲಿಲ್ಲವೋ? ಹೋಗಿ ಕೇಳಬಹುದಿತ್ತು. ಕೇಳದೆ ಇರುವುದು ಸುಲಭವಾಗಿತ್ತು.

ಕೆಲಸದ ಕೊನೆಯ ವರ್ಷಗಳಲ್ಲಿ ಕಾಲವೇ ಬದಲಾಯಿತು. ಮರ ಕೂಡಿಸುವ ಅಂಟಿಗಿಂತ ಮರದ ಮೇಲೆ ಎರೆಯುವ ಅಂಟಿಗೆ ಗಿರಾಕಿ ಬಂದರು. ಸೊರಬದ ಬಳಿ ಹೋಂಸ್ಟೇ ನಡೆಸುವವರೊಬ್ಬರು ಮೊಬೈಲಿನಲ್ಲಿ ನೋಡಿ, ಹಲಸಿನ ಎರಡು ಹಲಗೆಗಳ ನಡುವೆ ನೀಲಿ ನದಿ ಹರಿಯುವ ಮೇಜು ಬೇಕೆಂದು ಹೊರಟರು. ಮೇಲ್ಮೈಗೆ ತೆಳುವಾಗಿ ಬಳಿಯಲು ಮಾಡಿದ ಎಪಾಕ್ಸಿಯನ್ನು ಬಕೆಟ್ಟಿನಲ್ಲಿ ಕಲಸಿ, ಒಂದೇ ಸಲ ಅಂಗೈ ಅಗಲದ ಆಳಕ್ಕೆ ಸುರಿದರು. ಗಟ್ಟಿಯಾಗುವಾಗ ಎಪಾಕ್ಸಿ ಬಿಸಿಯಾಗುತ್ತದೆ. ರಾಶಿ ದೊಡ್ಡದಾದಷ್ಟೂ ಬಿಸಿ ಒಳಗೇ ಉಳಿಯುತ್ತದೆ. ನಾನು ಹೋಗುವಷ್ಟರಲ್ಲಿ ನದಿ ಹೊಗೆಯಾಡುತ್ತಿತ್ತು, ನಡುವೆ ಟಿಕ್ ಟಿಕ್ ಎಂದು ಸೀಳುತ್ತಿತ್ತು. "ಸರ್, ಇದು ನದೀನೋ ಜ್ವಾಲಾಮುಖೀನೋ?" ಎಂದು ಅವರೇ ಕೇಳಿದರು. ಆಳಕ್ಕೆ ಎರೆಯಲು ಬೇರೆಯದೇ ಜಾತಿಯಿದೆ, ನೀರಿನಂತೆ ತೆಳು, ಬಹಳ ನಿಧಾನ. ಅದನ್ನೂ ಪದರ ಪದರವಾಗಿ ಎರೆಯಬೇಕು. ಮರ ಹಸಿಯಿರಬಾರದು, ಇದ್ದರೆ ಗುಳ್ಳೆ. ಬಿಸಿಲಿಗಿಟ್ಟರೆ ಬಣ್ಣ ಹಳದಿಗೆ ತಿರುಗುತ್ತದೆ. ಇವೆಲ್ಲ ಡಬ್ಬದ ಮೇಲೆಯೇ ಬರೆದಿರುತ್ತದೆ. ಡಬ್ಬ ಓದುವವರು ಮಾತ್ರ ಮೊದಲಿನಷ್ಟೇ ಕಡಿಮೆ.

ನಿವೃತ್ತನಾದೆ. ಅಷ್ಟರಲ್ಲಿ ಮಂಜಪ್ಪ ತೀರಿಕೊಂಡಿದ್ದರು. ಬೇಕರಿ ಇದ್ದಲ್ಲಿ ಮೊಬೈಲ್ ಅಂಗಡಿ ಬಂದಿತ್ತು, ಶಿವಣ್ಣ ಊರಿಗೆ ಹಿಂದಿರುಗಿದ್ದ. ಕಾಮತರನ್ನು ಫೋನಿನಲ್ಲಿ ಕೇಳಿದೆ. "ಯಾವ ಡೊಳ್ಳು ರೀ?" ಎಂದರು.

ಈ ವರ್ಷ, ಪೂಜೆಗೆ ಒಂದು ವಾರವಿರುವಾಗ, ಫೋನು ಬಂತು. ಬೀರಪ್ಪನ ಮಗಳು ರೇಣುಕಾ.

"ಸರ್, ಡೊಳ್ಳು ಬಿರುಕು ಬಿಟ್ಟೈತ್ರೀ, ಉದ್ದಕ. ಟ್ರ್ಯಾಕ್ಟರಿನಿಂದ ಕೆಳಗ ಬಿತ್ತು. ನಿಮ್ಮನ್ನ ಕರಿ ಅಂತಾನ ನಮ್ಮಪ್ಪ. ಈಗ ಮೊದಲ ಪೆಟ್ಟು ನಾನ ಹಾಕ್ತೀನಿ. ಹೆಣ್ಮಗಳು ಅಂತ ಮೊದ್ಲ ಗುಣುಗುಣು ಐತಿ, ಈಗ ಡೊಳ್ಳೂ ಒಡದೈತಿ ಅಂದ್ರ ದೊಡ್ಡಜ್ಜನ ಮನಿಯವ್ರು ಬಿಡೂದಿಲ್ಲ."

"ಹಳೇ ಬಿರುಕೇ ತೆರೀತಾ?" ಎಂದೆ.

"ನಂಗೇನು ಗೊತ್ತು ಸರ್, ನಾನಾಗ ಸಣ್ಣಾಕಿ. ಚರ್ಮ ಇನ್ನೂ ಬಿಚ್ಚಿಲ್ಲ."

ಹೊರಡುವ ಮೊದಲು ಮನೆಯಲ್ಲಿ ಒಂದು ಕೆಲಸ ಮಾಡಿದೆ. ಹೊನ್ನೆಯ ತುಂಡುಗಳನ್ನು ಒಂದು ಜೊತೆ ಟ್ಯೂಬಿನ ಅಂಟಿನಿಂದ, ಇನ್ನೊಂದು ಜೊತೆ ನಿಧಾನದ ಅಂಟಿನಿಂದ ಕೂಡಿಸಿ, ಎರಡು ದಿನ ಬೆಚ್ಚಗಿಟ್ಟು ಪೂರ್ತಿ ಗಟ್ಟಿಯಾಗಲು ಬಿಟ್ಟು, ಒಲೆಯ ಮುಂದೆ ಹಿಡಿದೆ. ಟ್ಯೂಬಿನದು ಬಿಸಿಯಲ್ಲಿ ತಿರುಚಿದರೆ ಬೆಲ್ಲದ ಪಾಕದ ಹಾಗೆ ಜರುಗಿತು. ನಿಧಾನದ್ದು ಅಲುಗಲಿಲ್ಲ. ಹೆಂಡತಿ, "ಡೊಳ್ಳಿನವರಿಗೆ ಇಲ್ಲದ ಚಿಂತೆ ನಿಮಗೆ" ಎಂದಳು. ನನಗೆ ತಿಳಿಯಬೇಕಿದ್ದದ್ದು ತಿಳಿದಿತ್ತು. ಅಂದು ಟ್ಯೂಬು ಹಾಕಿದ್ದರೆ ಇಷ್ಟು ವರ್ಷದ ಬೆಂಕಿಗೆ ಅದು ಉಳಿದಿರಲು ಸಾಧ್ಯವಿಲ್ಲ. ಹಳೆಯ ಅಂಟು ಸೋತಿದ್ದರೆ ಅದನ್ನೆಲ್ಲ ಕೆರೆದು ತೆಗೆಯಬೇಕು. ಕೆರೆದಷ್ಟೂ ಮರ ತೆಳ್ಳಗಾಗುತ್ತದೆ. ಆ ಅಜ್ಜನ ಮರದಲ್ಲಿ ಕೆರೆಯಲು ಹೆಚ್ಚು ಉಳಿದಿರಲಿಲ್ಲ.

ಬೀರಪ್ಪ ಕಟ್ಟೆಯ ಮೇಲೆ ಕೂತಿದ್ದ, ಹಲ್ಲು ಬಿದ್ದಿತ್ತು, ದನಿ ಹಾಗೇ ಇತ್ತು.

"ಬರ್ರಿ ಅಂಟಿನ ಸಾಹೇಬ್ರ. ನೀವು ಆವತ್ತು ಟ್ಯೂಬಿನ ಅಂಟು ಹಚ್ಚಿದ್ರಿ. ಐದ ನಿಮಿಷಕ್ಕ ಕಲ್ಲಾತು. ನನಗ ಚಲೋ ನೆನಪೈತಿ."

ನಾನು ಚೀಲವನ್ನು ಕೆಳಗಿಟ್ಟೆ. "ಬೇಕರಿಯಲ್ಲಿ ಇಟ್ಟಿದ್ವಲ್ಲ, ಬೀರಪ್ಪ?"

"ಯಾವ ಬೇಕರಿ?"

"ಸರ್, ನೀವು ಕೂಡ್ರಿ" ಎಂದಳು ರೇಣುಕಾ. "ನಮ್ಮಪ್ಪಗ ಇವತ್ತಿನ ನಾಷ್ಟಾ ಏನು ಅಂತ ಕೇಳ್ರಿ ನೋಡೂಣು."

"ರೊಟ್ಟಿ" ಎಂದ ಬೀರಪ್ಪ.

"ಉಪ್ಪಿಟ್ಟು!"

ಹಗ್ಗ ಬಿಚ್ಚಿ, ಒಂದು ಬದಿಯ ಚರ್ಮ ಸರಿಸಿ, ಅವಳು ಮೊಬೈಲಿನ ಬೆಳಕನ್ನು ಒಳಗೆ ಹಿಡಿದಳು. ಹೊಸ ಬಿರುಕು ಎದ್ದು ಕಾಣುತ್ತಿತ್ತು, ಒಳಗಿನ ಮರ ಎಳೆಯ ಬಣ್ಣದ್ದು. ಹಳೆಯದು ಕಾಣಲಿಲ್ಲ. ಡೊಳ್ಳನ್ನು ತಿರುಗಿಸಿದೆವು, ಮತ್ತೆ ತಿರುಗಿಸಿದೆವು. ಕೊನೆಗೆ ರೇಣುಕಾ ಕೈ ಒಳಗೆ ಹಾಕಿ ಬೆರಳಿನಿಂದ ತಡವಿ, "ಇಲ್ಲಿ ಒಂದು ಗೆರಿ ಐತಿ ನೋಡ್ರಿ, ಉಗುರು ಹೋಗವಲ್ದು" ಎಂದಳು. ಹೊಸ ಬಿರುಕಿನಿಂದ ನಾಲ್ಕು ಬೆರಳು ಆಚೆ. ಡೊಳ್ಳು ಬಿದ್ದಾಗ ಪಕ್ಕದ ಮರ ಸೀಳಿತ್ತು, ಅಂಟಿದ ಜಾಗ ಸೀಳಿರಲಿಲ್ಲ. ಆ ಗೆರೆ ಕಂದು ಬಣ್ಣದ್ದು, ಮರದ ಪುಡಿ ಬೆರೆತ ಅಂಟಿನ ಹಾಗೆ; ಬರೀ ಟ್ಯೂಬಿನ ಅಂಟಾಗಿದ್ದರೆ ತಿಳಿಹಳದಿ ಇರಬೇಕಿತ್ತು.

ನಾನು ಅಲ್ಲೇ ಕಟ್ಟೆಯ ಮೇಲೆ ಕೂತು ಒಂದು ಚೊಂಬು ನೀರು ಪೂರ್ತಿ ಕುಡಿದೆ.

"ಇದಕ್ಕೆ ಎಣ್ಣೆ ಹಚ್ಚಿಲ್ಲ ತಾನೆ?" ಎಂದೆ, ಹೊಸ ಬಿರುಕು ತೋರಿಸಿ.

ಅಪ್ಪ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಒಂದೀಟು" ಎಂದ ಬೀರಪ್ಪ.

ಮತ್ತೆ ಕೆರೆತ, ಮತ್ತೆ ಥಿನ್ನರು. ಈ ಸಲ ಕೈಯಲ್ಲಿ ಇನ್ನೂ ನಾಲ್ಕೈದು ದಿನವಿತ್ತು. ನಿಧಾನದ ಅಂಟು, ಹೊನ್ನೆಯ ಪುಡಿ, ಹಗ್ಗ, ಕೋಲು. ಹಗಲು ತಗಡಿನ ಮಾಡಿನ ಕೆಳಗೆ ಕಪ್ಪು ಟಾರ್ಪಾಲಿನಲ್ಲಿ ಸುತ್ತಿಟ್ಟೆವು. ಬಟ್ಟಲಿಗೆ ಉಗುರು ಒತ್ತಿ ನೋಡುವುದನ್ನು ರೇಣುಕಾಳಿಗೆ ಕಲಿಸಿ ಬಂದೆ. ಮೂರನೆಯ ಎತ್ತಿನ ಕಥೆಯನ್ನೂ ಹೇಳಿದೆ. ಪೂಜೆಯ ಸಂಜೆ ಹುಲ್ಲಿನ ಬೆಂಕಿಯ ಮುಂದೆ ಡೊಳ್ಳನ್ನು ತಿರುವಿದವಳು ಅವಳೇ. ದೊಡ್ಡಜ್ಜನ ಮನೆಯವರು, ಅಂದರೆ ಬೀರಪ್ಪನ ಆ ದೊಡ್ಡಪ್ಪನ ಕಡೆಯವರು, ತಮ್ಮ ಡೊಳ್ಳು ಕಟ್ಟಿಕೊಂಡು ಎಂದಿನಂತೆ ಕಾಯುತ್ತಿದ್ದರು. ಮೊದಲ ಪೆಟ್ಟು ಅವಳದು. ಈ ಸಲ ನಾನು ಬಿರುಕಿನ ಕಡೆ ನೋಡಲಿಲ್ಲ, ಕಣ್ಣು ಮುಚ್ಚಿ ಸದ್ದು ಕೇಳಿದೆ.

ಆದರೂ ಬೇರೆಯವರ ಮಾತಿಗೆ ಒಪ್ಪುವಷ್ಟು ಸುಲಭವಾಗಿ ನಾನು ನನ್ನ ಮಾತಿಗೆ ಒಪ್ಪುವವನಲ್ಲ. ಕಂದು ಬಣ್ಣ ವರ್ಷಗಳ ಹೊಗೆಯಿಂದಲೂ ಎಣ್ಣೆಯಿಂದಲೂ ಬಂದಿರಬಹುದಲ್ಲ? ಚರ್ಮ ಬಿಚ್ಚಿದ್ದ ದಿನವೇ ರೇಣುಕಾಳನ್ನು ಕೇಳಿ, ಹಳೆಯ ಗೆರೆಯ ಅಂಚಿನಿಂದ ಸಾಸಿವೆ ಕಾಳಿನಷ್ಟು ಅಂಟನ್ನು ಕೆರೆದು ಕಾಗದದಲ್ಲಿ ಕಟ್ಟಿಕೊಂಡಿದ್ದೆ. ಪೂಜೆ ಮುಗಿದ ಮೇಲೆ ಮನೆಯಲ್ಲಿ ಅದನ್ನು ಬಿಚ್ಚಿದೆ. ಐದು ನಿಮಿಷದ ಅಂಟಿಗೆ ಪುಡಿ ಕಲಸುವಷ್ಟು ಪುರಸೊತ್ತು ಇರುವುದಿಲ್ಲ, ಕಲಸುತ್ತಿರುವಾಗಲೇ ಕೈಯಲ್ಲಿ ಬಿಗಿಯುತ್ತದೆ. ಬೇಕರಿ ನಿಜವೋ ಸುಳ್ಳೋ ನನಗೆ ಇನ್ನೂ ಗೊತ್ತಿಲ್ಲ, ಇನ್ನು ಗೊತ್ತಾಗುವ ದಾರಿಯೂ ಇಲ್ಲ. ಆದರೆ ಭೂತಗನ್ನಡಿಯ ಕೆಳಗೆ ಆ ಚೂರಿನ ತುಂಬ ಸೋಸಿದ ಹೊನ್ನೆಯ ಪುಡಿಯಿತ್ತು. ಕಾದ ಹಂಚಿನ ಅಂಚಿನಲ್ಲಿಟ್ಟು ಸೂಜಿಯ ಮೊನೆಯಿಂದ ಒತ್ತಿದೆ, ಗುರುತು ಬೀಳಲಿಲ್ಲ. ಅಂಟು ನಿಧಾನದ್ದೇ.